ಗೇಟ್ ಪಾಸ್ ಇದೆ, ಕೆಲಸದ ಕಾಗದ ಇಲ್ಲ

(ಸುರತ್ಕಲ್‌ನಲ್ಲಿ ಗೆಳೆಯರು ಏರ್ಪಡಿಸಿದ್ದ ಸಂಜೆಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ಮೇಲಿಂದ ಮಳೆ. ಆದರೂ ಇಷ್ಟು ಜನ ಬಂದಿದ್ದೀರಿ. ಕಾಟಿಪಳ್ಳ, ಕಾನ, ಜೋಕಟ್ಟೆ, ಪೆರ್ಮುದೆ ಕಡೆಯ ತುಂಬಾ ಮುಖಗಳು ಕಾಣುತ್ತಿವೆ. ಕೆಲವರು ಶಿಫ್ಟ್ ಮುಗಿಸಿ ಸೀದಾ ಬಂದ ಹಾಗಿದೆ, ಸೇಫ್ಟಿ ಶೂ ಇನ್ನೂ ಕಾಲಲ್ಲೇ ಇದೆ.

ನನ್ನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಾನು ಫಿಟ್ಟರ್. ಐಟಿಐ ಮುಗಿಸಿ ಹನ್ನೊಂದು ವರ್ಷ ಕಂಟ್ರಾಕ್ಟ್ ಕೆಲಸ ಮಾಡಿದೆ. ಶಟ್‌ಡೌನ್, ಅಂದರೆ ರಿಪೇರಿಗೆ ಅಂತ ಪ್ಲಾಂಟ್ ನಿಲ್ಲಿಸುವುದು, ಎಲ್ಲಿದೆಯೋ ಅಲ್ಲಿಗೆ ಹೋಗುವುದು, ಮಂಗಳೂರು, ಕೊಚ್ಚಿ, ಜಾಮ್‌ನಗರ. ಆಮೇಲೆ ಹುಡುಗರಿಗೆ ಕಲಿಸುವ ಕೆಲಸ ಸಿಕ್ಕಿತು. ಈಗ ಈ ಊರಲ್ಲಿ ಜಾಸ್ತಿ ಜನ ನನ್ನನ್ನು 'ಮಾಸ್ಟ್ರೇ' ಅಂತಲೇ ಕರೆಯುತ್ತಾರೆ.

ಹಸಿರು ಇಂಧನದ ಕಾಲ ಬಂದರೆ ಇಲ್ಲಿನ ತೈಲ ರಿಫೈನರಿ ಕೆಲಸಗಾರರ ಗತಿ ಏನು ಅಂತ ಕೇಳಿದ್ದೀರಿ. ನಾನು ಹೇಳಬೇಕಾದ್ದು ಒಂದೇ ಇದೆ. ನಮ್ಮವರಿಗೆ ಕೆಲಸ ಗೊತ್ತು. ಗೊತ್ತು ಅನ್ನುವುದಕ್ಕೆ ಕೈಯಲ್ಲಿ ಕಾಗದ ಇಲ್ಲ. ಆ ಕಾಗದವನ್ನು ಕೆಲಸ ಇರುವಾಗಲೇ ಮಾಡಿಸಿಕೊಡಬೇಕು. ಅದರಲ್ಲೂ ಕಂಟ್ರಾಕ್ಟ್ ಜನಕ್ಕೆ ಮೊದಲು.

ಯಾಕೆ ಇಷ್ಟು ಆತುರ ಅಂತ ಕೇಳಬಹುದು. ನನ್ನ ಮನೆಯ ಕಥೆಯಿಂದಲೇ ಶುರು ಮಾಡುತ್ತೇನೆ.

ನನ್ನ ಅಜ್ಜಿ ನೇತ್ರಾವತಿ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮಂಗಳೂರು ಹಂಚು ಅಂದರೆ ದೇಶಕ್ಕೇ ಗೊತ್ತಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಕೆಲಸ ಅದು. ಆಮೇಲೆ ನದಿಯ ದಡದಲ್ಲಿ ಒಂದರ ಪಕ್ಕ ಒಂದು ಹೊಗೆ ಕೊಳವೆ ಎದ್ದವು. ಅಜ್ಜಿಗೆ ಆವೆ ಮಣ್ಣು ಕೈಯಲ್ಲಿ ಹಿಡಿದರೆ ಸಾಕು, ಇದರಲ್ಲಿ ಮರಳು ಜಾಸ್ತಿ, ಹಂಚು ಬಿರುಕು ಬಿಡುತ್ತದೆ ಅಂತ ಹೇಳುತ್ತಿದ್ದರು. ಕಾಂಕ್ರೀಟ್ ತಾರಸಿ ಬಂತು, ಒಳ್ಳೆ ಮಣ್ಣು ಸಿಗುವುದು ಕಷ್ಟವಾಯಿತು. ಒಂದು ದಿನ ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ಅಷ್ಟು ವರ್ಷದ ಕೆಲಸಕ್ಕೆ ಅಜ್ಜಿಯ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮಣ್ಣಿನ ಗುಣ ಹೇಳುವ ಆ ಕೈಗೆ ಆಮೇಲೆ ಬೀಡಿ ಬಂತು. ಅಮ್ಮನೂ ಅದನ್ನೇ ಕಲಿತರು. ಮಡಿಲಲ್ಲಿ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ನಾನು ಐಟಿಐ ಓದಿದ್ದು ಅಮ್ಮ ಬೀಡಿ ಬ್ರಾಂಚಿಗೆ ಕೊಟ್ಟು ತಂದ ದುಡ್ಡಲ್ಲಿ. ಈಗ ಆ ಬೀಡಿಯೂ ಕಡಿಮೆಯಾಗಿದೆ. ಇಲ್ಲಿ ಕೂತವರಲ್ಲಿ ಅರ್ಧ ಜನರ ಮನೆಯ ಕಥೆ ಇದೇ ಇರಬೇಕು, ಅಲ್ವಾ?

ಇನ್ನೊಂದು ಕಥೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯದ್ದು. ಅಲ್ಲಿಂದ ಪಣಂಬೂರಿಗೆ 67 ಕಿಲೋಮೀಟರ್ ಪೈಪಿನಲ್ಲಿ ಅದಿರು ನೀರಿನ ಜೊತೆ ಹರಿದು ಬರುತ್ತಿತ್ತು. ಕಾಡು ಉಳಿಯಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಕಾಡು ಉಳಿದದ್ದು ಸರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಪಣಂಬೂರಿನ ಪೆಲೆಟ್ ಕಾರ್ಖಾನೆ ಬೇರೆ ಕಡೆಯ ಅದಿರು ತರಿಸಿಕೊಂಡು ನಡೆಯಿತು. ಆದರೆ ಮೇಲೆ ಗುಡ್ಡದಲ್ಲಿದ್ದ ಟೌನ್‌ಶಿಪ್? ನಾನು ಒಮ್ಮೆ ಹೋಗಿ ನೋಡಿದ್ದೇನೆ. ಸಾಲು ಸಾಲು ಮನೆ, ಬಾಗಿಲ ತನಕ ಹುಲ್ಲು. ತೀರ್ಪಿಗೂ ಬೀಗಕ್ಕೂ ನಡುವೆ ಮೂರು ವರ್ಷ ಇತ್ತು. ಮೂರು ವರ್ಷದಲ್ಲಿ ಒಬ್ಬ ಮನುಷ್ಯನಿಗೆ ಎರಡು ಹೊಸ ಕೆಲಸ ಕಲಿಸಬಹುದು. ಕಲಿಸುವವನಾಗಿ ನಾನು ಈ ಮಾತು ಧೈರ್ಯವಾಗಿ ಹೇಳುತ್ತೇನೆ.

ಈಗ ನಮ್ಮ ರಿಫೈನರಿಯ ವಿಷಯ. ನಾಳೆಯೇ ಮುಚ್ಚುತ್ತದೆ ಅಂತ ಯಾರೂ ಹೆದರಬೇಕಾಗಿಲ್ಲ. ಎಂಆರ್‌ಪಿಎಲ್, ಅಂದರೆ ಈ ಮಂಗಳೂರು ರಿಫೈನರಿ, 1996ರಲ್ಲಿ ಶುರುವಾದಾಗ ವರ್ಷಕ್ಕೆ 30 ಲಕ್ಷ ಟನ್ ಕಚ್ಚಾ ತೈಲ ಶುದ್ಧೀಕರಿಸುವ ಶಕ್ತಿ ಇತ್ತು. 2003ರಲ್ಲಿ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿ ಕೈಗೆ ಬಂತು. ಈಗ ಅದರ ಶಕ್ತಿ ಒಂದೂವರೆ ಕೋಟಿ ಟನ್. ಮಂಗಳೂರಿನ ಬಂಡೆಯೊಳಗೆ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಇಡಲು ದೇಶ ಗುಹೆ ಕೊರೆದಿದೆ. ಇದೆಲ್ಲ ನಾಳೆ ಬಾಗಿಲು ಹಾಕುವವರ ಲಕ್ಷಣ ಅಲ್ಲ.

ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದೂ ಕಾಣುತ್ತಿದೆ. ಪೆಟ್ರೋಲಿಗೆ 20 ಶೇಕಡ ಎಥೆನಾಲ್ ಬಂತು. ನಮ್ಮ ರಸ್ತೆಯಲ್ಲೇ ಎಲೆಕ್ಟ್ರಿಕ್ ಆಟೋ ಓಡುತ್ತಿವೆ. 2070ಕ್ಕೆ ನೆಟ್ ಝೀರೋ, ಅಂದರೆ ಗಾಳಿಗೆ ಬಿಟ್ಟಷ್ಟು ಇಂಗಾಲವನ್ನು ವಾಪಸ್ ತೆಗೆಯುವುದು, ಅಂತ ದೇಶ ಮಾತು ಕೊಟ್ಟಿದೆ. ಇವತ್ತು 20 ವರ್ಷದ ಹುಡುಗ ಗೇಟ್ ಪಾಸ್ ಹಾಕಿಕೊಂಡು ಒಳಗೆ ಹೋದರೆ ಅವನ ದುಡಿಮೆ 2065ರ ತನಕ ಇದೆ. ಅವನ ಅರ್ಧ ಆಯಸ್ಸು ಕಳೆಯುವುದರೊಳಗೆ ಈ ಕೆಲಸದ ರೂಪವೇ ಬದಲಾಗುತ್ತದೆ. ನಮಗೆ ಟೈಮ್ ಇದೆ, ಅದೇ ನಮ್ಮ ಭಾಗ್ಯ. ಅದನ್ನು ಸುಮ್ನೆ ಕಳೆದುಬಿಟ್ಟರೆ ಅಜ್ಜಿಯ ಗೇಟಿನ ಬೀಗ ಮತ್ತೆ ಬರುತ್ತದೆ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಹಸಿರು ಹೈಡ್ರೋಜನ್ ಅಂತ ಎಲ್ಲರೂ ಹೇಳುತ್ತಾರಲ್ಲ. ಅದೇನೋ ಆಕಾಶದಿಂದ ಇಳಿದ ವಿದ್ಯೆ ಅನ್ನುವ ಹಾಗೆ ಮಾತಾಡುತ್ತಾರೆ. ಇಲ್ಲಿ ಹೈಡ್ರೋಟ್ರೀಟರ್, ಅಂದರೆ ಇಂಧನದ ಗಂಧಕ ತೆಗೆಯುವ ಯೂನಿಟ್‌ನಲ್ಲಿ ಕೆಲಸ ಮಾಡಿದವರು ಕೈ ಎತ್ತಿ ನೋಡುವ. (ಹತ್ತು ಹನ್ನೆರಡು ಕೈ ಎದ್ದವು.) ನೋಡಿ, ಇವರೆಲ್ಲ ಹೈಡ್ರೋಜನ್ ಜೊತೆ ಬದುಕಿದವರು. ರಿಫೈನರಿಯಲ್ಲಿ ಹೈಡ್ರೋಜನ್ ಇಲ್ಲದೆ ಗಂಧಕ ತೆಗೆಯಲು ಆಗುವುದಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಬಂತು. ಪೆಟ್ರೋಲು, ಡೀಸೆಲಿನಲ್ಲಿ ಗಂಧಕ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಇದ್ದದ್ದು 10ಕ್ಕೆ ಇಳಿಯಬೇಕಾಯಿತು. ಅದನ್ನು ಇಳಿಸಿದ್ದು ಹೈಡ್ರೋಜನ್. ಆ ಹೈಡ್ರೋಜನ್ ಬರುವುದು ಕಚ್ಚಾ ತೈಲದಿಂದ ಸಿಗುವ ನ್ಯಾಫ್ತಾ ಅಥವಾ ನೈಸರ್ಗಿಕ ಅನಿಲವನ್ನು 800 ಡಿಗ್ರಿಗೂ ಮೇಲೆ ಕಾಯಿಸಿ, ಹಬೆಯ ಜೊತೆ ಸೇರಿಸಿ. ಅದರಿಂದ ಇಂಗಾಲದ ಡೈಆಕ್ಸೈಡೂ ಬರುತ್ತದೆ. ಹಸಿರು ಹೈಡ್ರೋಜನ್ ಅಂದರೆ ಅದೇ ಅನಿಲವನ್ನು ನೀರಿನಿಂದ ತೆಗೆಯುವುದು. ಸೂರ್ಯನ, ಗಾಳಿಯ ಕರೆಂಟು ಹಾಯಿಸಿ ನೀರನ್ನು ಒಡೆಯುವುದು. ಒಂದು ಕಿಲೋಗೆ ಕಡಿಮೆ ಅಂದರೂ 9 ಲೀಟರ್ ನೀರು, 50 ಯೂನಿಟ್‌ಗಿಂತ ಜಾಸ್ತಿ ಕರೆಂಟು ಬೇಕು.

ಹುಟ್ಟುವ ದಾರಿ ಬೇರೆ, ಹುಟ್ಟಿದ ಮೇಲೆ ಅನಿಲ ಅದೇ. ಅದೇ ಕಂಪ್ರೆಸರ್, ಅದೇ ವಾಲ್ವ್, ಅದೇ ಭಯ. ಹೈಡ್ರೋಜನ್ ಎಷ್ಟು ಸಣ್ಣದೆಂದರೆ ಬೇರೆ ಅನಿಲ ನಿಲ್ಲುವ ಜಾಯಿಂಟಿನಲ್ಲಿ ಅದು ನಿಲ್ಲುವುದಿಲ್ಲ. ಉಕ್ಕಿನ ಒಳಗೇ ನುಸುಳಿ ಅದನ್ನು ಗರಿಗರಿ ಮಾಡಿಬಿಡುತ್ತದೆ. ಹತ್ತಿಕೊಂಡರೆ ಹಗಲಿನಲ್ಲಿ ಆ ಬೆಂಕಿ ಕಣ್ಣಿಗೆ ಕಾಣುವುದೇ ಕಷ್ಟ. ಹಿಂದಿನ ಕಾಲದಲ್ಲಿ ಲೀಕ್ ಹುಡುಕುವವರು ಹಿಡಿಸೂಡಿಯನ್ನು, ಅಂದರೆ ಪೊರಕೆಯನ್ನು, ಮುಂದೆ ಚಾಚಿಕೊಂಡು ನಡೆಯುತ್ತಿದ್ದರಂತೆ. ಕಡ್ಡಿಗೆ ಬೆಂಕಿ ಹಿಡಿದರೆ, ಅಲ್ಲೇ ಇದೆ ಅಂತ. ಈಗ ಡಿಟೆಕ್ಟರ್ ಇದೆ. ಆದರೆ ಆ ಎಚ್ಚರ ಡಿಟೆಕ್ಟರಿನಲ್ಲಿ ಬರುವುದಿಲ್ಲ, ಮನುಷ್ಯನಲ್ಲಿ ಇರಬೇಕು.

ಒಂದು ಫ್ಲೇಂಜ್, ಅಂದರೆ ಎರಡು ಪೈಪನ್ನು ಬೋಲ್ಟ್ ಹಾಕಿ ಸೇರಿಸುವ ಬಿಲ್ಲೆ, ಕಟ್ಟುವುದನ್ನೇ ತೆಗೆದುಕೊಳ್ಳಿ. ಮೊದಲು ಎರಡು ಮುಖವನ್ನೂ ಒರೆಸಿ ಬೆರಳಾಡಿಸಿ ನೋಡಬೇಕು, ಗೀರು ಇದೆಯಾ ಅಂತ. ನಡುವೆ ಸೋರದ ಹಾಗೆ ಇಡುವ ಗ್ಯಾಸ್ಕೆಟ್ ಹೊಸದೇ ಇಡಬೇಕು, ಹಳೆಯದನ್ನು ಮತ್ತೆ ಹಾಕಬಾರದು. ಬೋಲ್ಟನ್ನು ಸುತ್ತ ಒಂದೇ ಕಡೆಯಿಂದ ಬಿಗಿಯುತ್ತಾ ಹೋದರೆ ಗ್ಯಾಸ್ಕೆಟ್ ಒಂದು ಕಡೆ ಸಾಯುತ್ತದೆ. ಎದುರುಬದುರು ಬಿಗಿಯಬೇಕು, ಸ್ವಲ್ಪ ಸ್ವಲ್ಪವೇ, ಮೂರು ನಾಲ್ಕು ಸುತ್ತು. ಆಮೇಲೆ ನೈಟ್ರೋಜನ್ ತುಂಬಿಸಿ, ಸೋಪು ನೀರು ಹಚ್ಚಿ ಕಣ್ಣಿಟ್ಟು ಕೂರುವುದು. ಒಂದು ಗುಳ್ಳೆ ಬಂದರೂ ಬಿಚ್ಚಿ ಮತ್ತೆ ಮೊದಲಿನಿಂದ. ಇದನ್ನು ರಾತ್ರಿ ಎರಡು ಗಂಟೆಗೆ, 40 ಅಡಿ ಎತ್ತರದ ಸ್ಕಾಫೋಲ್ಡಿಂಗ್ ಅಟ್ಟಣಿಗೆ ಮೇಲೆ ಸಮಾಧಾನದಿಂದ ಮಾಡುವವನು ಬೇಕಾದರೆ ಎಲ್ಲಿ ಹುಡುಕುತ್ತೀರಿ? ನಾಳೆ ಹಸಿರು ಹೈಡ್ರೋಜನ್ ಪ್ಲಾಂಟ್ ಕಟ್ಟುವವರು ಇವನನ್ನೇ ಹುಡುಕಿಕೊಂಡು ಬರಬೇಕು.

ಬರುತ್ತಾರಾ? ಅಲ್ಲೇ ತೊಡಕು ಇರುವುದು.

ನನ್ನ ಹಳೆಯ ಶಿಷ್ಯ ಒಬ್ಬನಿದ್ದಾನೆ. ವೆಲ್ಡರ್. ವಯಸ್ಸು 46. ಹೆಸರು ಬೇಡ. ಹೋದ ತಿಂಗಳು ಮನೆಗೆ ಬಂದ, ಕೈಯಲ್ಲಿ ಒಂದು ಬಿಸ್ಕೆಟ್ ಡಬ್ಬ. ತೆರೆದರೆ ತುಂಬಾ ಗೇಟ್ ಪಾಸ್. 19 ವರ್ಷದ್ದು. ಮೊದಲನೆಯದರ ಫೋಟೋದಲ್ಲಿ ಕೂದಲೆಲ್ಲ ಕಪ್ಪು, ಕೊನೆಯದರಲ್ಲಿ ನರೆತಿದೆ. ಪಾಸಿನ ಮೇಲೆ ಕಂಟ್ರಾಕ್ಟರ್ ಹೆಸರು ಏಳೆಂಟು ಸಲ ಬದಲಾಗಿದೆ. ಗೇಟು ಮಾತ್ರ ಅದೇ.

"ಮಾಸ್ಟ್ರೇ, ಇದು ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ" ಅಂದ.

ಅವನು 6ಜಿ ವೆಲ್ಡರ್. ಓರೆಯಾಗಿ ಇಟ್ಟ ಪೈಪಿನ ಸುತ್ತ ವೆಲ್ಡ್ ಮಾಡುವುದು, ವೆಲ್ಡಿಂಗಿನಲ್ಲಿ ಅದಕ್ಕಿಂತ ಕಷ್ಟದ ಪರೀಕ್ಷೆ ಕಡಿಮೆ. ಅವನು ಮಾಡಿದ ಜಾಯಿಂಟನ್ನು ಎಕ್ಸ್‌ರೇ ತೆಗೆದು ನೋಡುತ್ತಾರೆ. ಆ ಫಿಲ್ಮು ಫೈಲಿಗೆ ಹೋಗುತ್ತದೆ, ಫೈಲು ಕಂಪನಿಯದ್ದು. ಪರೀಕ್ಷೆ ಪಾಸಾದ ಕಾಗದ ಕಂಟ್ರಾಕ್ಟರನ ಹೆಸರಲ್ಲಿ ಇರುತ್ತದೆ. ಮುಂದಿನ ಕಂಟ್ರಾಕ್ಟರ್ ಬಂದರೆ ಮತ್ತೆ ಮೊದಲಿನಿಂದ ಪರೀಕ್ಷೆ. ಹೀಗೆ 19 ವರ್ಷದಲ್ಲಿ ಎಷ್ಟು ಸಲ ಪಾಸಾದನೋ ಅವನಿಗೇ ಲೆಕ್ಕ ಇಲ್ಲ. ಕೈಗೆ ಒಂದೂ ಬರಲಿಲ್ಲ. ಹೊಸ ಕಡೆ ಅರ್ಜಿ ಹಾಕಿದರೆ ಅವನು ಬರೀ ಎಸ್‌ಎಸ್‌ಎಲ್‌ಸಿ, ಐಟಿಐ. ನಿನ್ನೆ ಪಾಸಾದ ಹುಡುಗನೂ ಅವನೂ ಒಂದೇ ಸಾಲಿನಲ್ಲಿ.

ಇದು ನನ್ನ ನಿದ್ದೆ ಕೆಡಿಸುವ ಸಂಗತಿ. ಸುಳ್ಳು ಹೇಳುವುದಿಲ್ಲ.

ಪರ್ಮನೆಂಟ್ ನೌಕರರಿಗೆ ಹೇಗೋ ದಾರಿ ಇದೆ. ಯೂನಿಯನ್ ಇದೆ, ಸರ್ವಿಸ್ ಪುಸ್ತಕ ಇದೆ, ಬೇರೆ ಯೂನಿಟ್‌ಗೆ ವರ್ಗ ಇದೆ. ಶಟ್‌ಡೌನ್‌ಗೆ ಬರುವ ವೆಲ್ಡರ್, ಭಾರ ಎತ್ತಿಸುವ ರಿಗ್ಗರ್, ಅಟ್ಟಣಿಗೆ ಕಟ್ಟುವ ಸ್ಕಾಫೋಲ್ಡರ್, ಟ್ಯಾಂಕಿನ ಒಳಗೆ ಇಳಿದು ಕೆಸರು ತೆಗೆಯುವವರು, ಇವರಿಗೆ ಏನಿದೆ? ಕೆಲಸ ಹೋಯಿತು ಅಂತ ಯಾರೂ ಇವರಿಗೆ ಪತ್ರ ಕೊಡುವುದಿಲ್ಲ. ಮುಂದಿನ ಶಟ್‌ಡೌನ್‌ಗೆ ಫೋನ್ ಬರುವುದಿಲ್ಲ, ಅಷ್ಟೇ.

ಹೊರದೇಶದಲ್ಲಿ ಇದು ಹೇಗಾಯಿತು ಅಂತ ನೋಡುವ. ಸ್ಕಾಟ್ಲೆಂಡಿನಲ್ಲಿ ಗ್ರೇಂಜ್‌ಮೌತ್ ಅಂತ ಊರು. 1924ರಿಂದ ಅಲ್ಲಿ ರಿಫೈನರಿ. 2023ರ ನವೆಂಬರಿನಲ್ಲಿ, ನಿಲ್ಲಿಸುತ್ತೇವೆ ಅಂತ ಹೇಳಿದರು. 2025ರ ಏಪ್ರಿಲ್‌ನಲ್ಲಿ ನಿಂತೇಹೋಯಿತು. 400ಕ್ಕೂ ಹೆಚ್ಚು ಜನರ ಕೆಲಸಕ್ಕೆ ಕುತ್ತು. ಆ ಜಾಗದಲ್ಲಿ ಮುಂದೆ ಯಾವ ಹಸಿರು ಉದ್ಯಮ ಮಾಡಬಹುದು ಅನ್ನುವ ವರದಿ ಬಂದದ್ದು ಯಾವಾಗ ಗೊತ್ತಾ? 2025ರ ಮಾರ್ಚಿನಲ್ಲಿ. ಮುಚ್ಚುವ ಮುಂಚಿನ ತಿಂಗಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರ್ಟಿನೆಝ್ ಅನ್ನುವ ಊರಿನ ರಿಫೈನರಿ 2020ರಲ್ಲಿ ನಿಂತಿತು. ಸುಮಾರು 700 ಜನ ಹೊರಗೆ. ಆಮೇಲೆ ಬರ್ಕ್ಲಿ ವಿಶ್ವವಿದ್ಯಾಲಯದವರು ಆ ಕೆಲಸಗಾರರನ್ನು ಹುಡುಕಿ ಮಾತಾಡಿಸಿದರು. ಹೆಚ್ಚಿನವರಿಗೆ ಬೇರೆ ಕೆಲಸ ಸಿಕ್ಕಿತ್ತು. ಆದರೆ ಗಂಟೆಗೆ 50 ಡಾಲರ್ ಇದ್ದ ಕೂಲಿ 38ಕ್ಕೆ ಇಳಿದಿತ್ತು. ರಿಫೈನರಿ ಜಾಗ ಈಗ ಅಡುಗೆ ಎಣ್ಣೆ, ಕೊಬ್ಬಿನಂಥದ್ದರಿಂದ ಡೀಸೆಲ್ ಮಾಡುತ್ತದೆ. ಜಾಗಕ್ಕೆ ಹೊಸ ಬದುಕು ಸಿಕ್ಕಿತು. ದುಡಿದವರಿಗೆ ನಾಲ್ಕರಲ್ಲಿ ಒಂದು ಪಾಲು ಕೂಲಿ ಹೋಯಿತು.

ಈ ಅನ್ಯಾಯವನ್ನು ಮೊದಲೇ ಕಂಡವರು ಟೋನಿ ಮಝಾಕಿ. ಅಮೆರಿಕದ ತೈಲ ಮತ್ತು ರಾಸಾಯನಿಕ ಕೆಲಸಗಾರರ ಯೂನಿಯನ್ ನಾಯಕ. ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದವರು. ಯುದ್ಧದಿಂದ ಬಂದ ಸೈನಿಕರಿಗೆ ಸರ್ಕಾರ ಓದಿಸಿತು, ಜೀವನಕ್ಕೆ ದುಡ್ಡು ಕೊಟ್ಟಿತು. ವಿಷ ಬಿದ್ದ ನೆಲವನ್ನು ಸ್ವಚ್ಛ ಮಾಡಲೂ ಅಲ್ಲಿ ದೊಡ್ಡ ನಿಧಿ ಇದೆ. ಮಣ್ಣಿಗೆ ನಿಧಿ ಇದ್ದರೆ ದುಡಿಯುವವನಿಗೂ ಒಂದು ಬೇಕಲ್ಲ ಅಂತ 1990ರ ದಶಕದ ಶುರುವಿನಲ್ಲೇ ಕೇಳಿದವರು ಅವರು. ಇವತ್ತು ಜಸ್ಟ್ ಟ್ರಾನ್ಸಿಷನ್, ಅಂದರೆ ನ್ಯಾಯದ ಬದಲಾವಣೆ ಅಂತ ಎಲ್ಲರೂ ಹೇಳುವ ಮಾತಿನ ಬೇರು ಅಲ್ಲಿದೆ. 2015ರ ಪ್ಯಾರಿಸ್ ಒಪ್ಪಂದದಲ್ಲೂ ಆ ಮಾತು ಸೇರಿತು. ತೈಲ ಕೆಲಸಗಾರರ ಬಾಯಲ್ಲಿ ಹುಟ್ಟಿದ ಮಾತು ಅದು, ಮರೆಯಬೇಡಿ.

ಸ್ಪೇನಿನಲ್ಲಿ 2018ರಲ್ಲಿ ಕಲ್ಲಿದ್ದಲು ಗಣಿ ಮುಚ್ಚುವ ಮೊದಲೇ ಸರ್ಕಾರ, ಮಾಲೀಕರು, ಯೂನಿಯನ್ ಒಂದೇ ಮೇಜಿಗೆ ಕೂತು ಸಹಿ ಹಾಕಿದರು. ವಯಸ್ಸಾದವರಿಗೆ ಬೇಗ ಪಿಂಚಣಿ, ಉಳಿದವರಿಗೆ ಹೊಸ ತರಬೇತಿ. ಮೊದಲು ಸಹಿ, ಆಮೇಲೆ ಬೀಗ.

ನಮ್ಮಲ್ಲಿ? 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ ನಿಧಿ ಅಂತ ಒಂದಿದೆ. ಕೆಲಸದಿಂದ ತೆಗೆದರೆ ಮಾಲೀಕ ಆ ಕೆಲಸಗಾರನ 15 ದಿನದ ಸಂಬಳವನ್ನು ಹೊಸ ಕೆಲಸ ಕಲಿಯಲು ಕೊಡಬೇಕು. ಇದ್ದದ್ದು ಒಳ್ಳೆಯದೇ. ಆದರೆ 15 ದಿನದ ಸಂಬಳದಲ್ಲಿ ಏನು ಕಲಿಯುತ್ತಾರೆ? ನಾನು ಒಬ್ಬ ಫಿಟ್ಟರನಿಗೆ ಎಲೆಕ್ಟ್ರೋಲೈಸರ್, ಅಂದರೆ ಕರೆಂಟಿನಿಂದ ನೀರು ಒಡೆಯುವ ಯಂತ್ರದ ಕೆಲಸ ಕಲಿಸಬೇಕಾದರೆ ಕಡಿಮೆ ಅಂದರೂ ಮೂರು ತಿಂಗಳು ಬೇಕು. ಆ ಮೂರು ತಿಂಗಳು ಮನೆಯ ಅಕ್ಕಿ, ಮಕ್ಕಳ ಫೀಸು, ಬೈಕಿನ ಇಎಂಐ ಯಾರು ಕಟ್ಟುತ್ತಾರೆ? ತರಬೇತಿ ಫ್ರೀ ಅಂತ ಬೋರ್ಡು ಹಾಕಿದರೆ ಸಾಲದು. ಕಲಿಯುವ ದಿನಕ್ಕೂ ಕೂಲಿ ಬೇಕು. ಇನ್ನು ಗುತ್ತಿಗೆ ಮುಗಿಯಿತು ಅಂತ ಮನೆಗೆ ಹೋದವನನ್ನು 'ತೆಗೆದರು' ಅಂತ ಲೆಕ್ಕಕ್ಕೇ ಹಿಡಿಯದಿದ್ದರೆ ಆ 15 ದಿನದ್ದೂ ಇಲ್ಲ.

ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 2023ರ ಜನವರಿಯಲ್ಲಿ ಕೇಂದ್ರ 19,744 ಕೋಟಿ ರೂಪಾಯಿ ಒಪ್ಪಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್, 6 ಲಕ್ಷ ಉದ್ಯೋಗ ಅನ್ನುವುದು ಗುರಿ. ಆ ಉದ್ಯೋಗಗಳಲ್ಲಿ ಕಾನ, ಕುತ್ತೆತ್ತೂರಿನವರ ಹೆಸರು ಇರಬೇಕಾದರೆ ಯಾರಾದರೂ ಈಗಲೇ ಪಟ್ಟಿ ಮಾಡಬೇಕು. ಕಷ್ಟವೇನಿಲ್ಲ. ಗೇಟಿನ ಕಂಪ್ಯೂಟರಿನಲ್ಲಿ ಹೆಸರಿದೆ. ಪಿಎಫ್ ಖಾತೆಯಲ್ಲಿ ಕಂಟ್ರಾಕ್ಟರ್ ಬದಲಾದರೂ ಬದಲಾಗದ ಯುಎಎನ್ ನಂಬರಿದೆ. ಸೇಫ್ಟಿ ತರಬೇತಿಗೆ ಸಹಿ ಹಾಕಿದ ಪುಸ್ತಕ ಇದೆ. ಯಾರು, ಎಷ್ಟು ವರ್ಷ, ಯಾವ ಕೆಲಸ ಅನ್ನುವುದು ಅಲ್ಲಿಲ್ಲಿ ಚದುರಿ ಬಿದ್ದಿದೆ, ಒಟ್ಟು ಮಾಡಿದರೆ ಆಯ್ತು. ಮೊದಲೇ ಬಲ್ಲ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಸರ್ಕಾರದ ಕೌಶಲ ಯೋಜನೆಯಲ್ಲಿ ಈಗಾಗಲೇ ಇದೆ. ಅದನ್ನು ಗೇಟಿನ ಹತ್ತಿರಕ್ಕೆ ತನ್ನಿ ಅಂತ ನಾವು ಕೇಳಬೇಕು. ಎಕ್ಸ್‌ರೇ ಪಾಸಾದ ದಾಖಲೆಯ ಒಂದು ಪ್ರತಿ ವೆಲ್ಡರನ ಕೈಗೂ ಕೊಡಿ ಅಂತ ಕೇಳಬೇಕು. ಇದಕ್ಕೆ ಕೋಟಿ ಖರ್ಚಿಲ್ಲ. ಒಂದು ಜೆರಾಕ್ಸ್ ಸಾಕು.

ಒಂದು ಮಾತು ನೇರವಾಗಿ ಹೇಳುತ್ತೇನೆ. ಸೋಲಾರ್ ಇದೆಯಲ್ಲ, ಅದನ್ನು ಕಲಿಯಿರಿ ಅಂತ ಎಲ್ಲರಿಗೂ ಒಂದೇ ಉಪದೇಶ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಹುಡುಗರು ಕಲಿಯಲಿ, ಚೆನ್ನಾಗಿದೆ. ಹೈ ಪ್ರೆಶರ್ ಲೈನಿನಲ್ಲಿ ಪಳಗಿದ 50 ವರ್ಷದವನನ್ನು ಮಂಗಳೂರಿನ ಮಳೆಯಲ್ಲಿ ಪಾಚಿ ಹಿಡಿದ ಮಾಡಿಗೆ ಹತ್ತಿಸುವುದು ಅವನ ವಿದ್ಯೆಗೆ ಮಾಡುವ ಅವಮಾನ. ಅವನ ಕೂಲಿಯೂ ಅರ್ಧವಾಗುತ್ತದೆ. ಅವನ ವಿದ್ಯೆ ಹೈಡ್ರೋಜನ್, ಅಮೋನಿಯ, ಬಯೋ ಇಂಧನದ ಪ್ಲಾಂಟುಗಳಿಗೆ ಬೇಕು. ಅವು ಈ ಬಂದರಿನ ಸುತ್ತಲೇ ಬರಲಿ ಅಂತ ನಾವು ಪಟ್ಟು ಹಿಡಿಯಬೇಕು. ಹಿಂದೆ ಬಂದರಿಗೆ ಜಾಗ ಬಿಟ್ಟುಕೊಟ್ಟು ಕಾಟಿಪಳ್ಳಕ್ಕೆ ಬಂದವರ ಮಕ್ಕಳು ಇಲ್ಲಿ ಕೂತಿದ್ದಾರೆ. ಅವರನ್ನು ಇನ್ನೊಂದು ಸಲ ಊರು ಬಿಡಿ ಅನ್ನಬಾರದು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಸರ್ಟಿಫಿಕೇಟ್ ಎಲ್ಲಿ, ಹೇಗೆ ಅಂತ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಎದ್ದು ನಿಂತರು.

"ಮಾಸ್ಟ್ರೇ, ನಾನು ಕ್ಯಾಂಟೀನಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಗೇಟ್ ಪಾಸ್ ನನಗೂ ಇದೆ. ನೀವು ಹೇಳುವ ಪಟ್ಟಿಯಲ್ಲಿ ನಮ್ಮ ಹೆಸರು ಬರುತ್ತದಾ?"

ನಾನು ಅಷ್ಟು ಹೊತ್ತು ವೆಲ್ಡರ್, ಫಿಟ್ಟರ್ ಅಂತಲೇ ಮಾತಾಡಿದ್ದೆ. ಅಡುಗೆಯವರು, ಗುಡಿಸುವವರು, ಟ್ಯಾಂಕರ್ ಓಡಿಸುವವರು ನನ್ನ ಮಾತಲ್ಲಿ ಇರಲೇ ಇಲ್ಲ. ಅದು ತಪ್ಪಾಯಿತು ಅಂತ ಅಲ್ಲೇ ಹೇಳಿದೆ.

ಎರಡನೇ ಶನಿವಾರ ಸಂಜೆ ಇದೇ ಜಾಗದಲ್ಲಿ ಕೂತು ಪಟ್ಟಿ ಬರೆಯಲು ಶುರು ಮಾಡುವುದು ಅಂತ ತೀರ್ಮಾನವಾಗಿತ್ತು. ಅಲ್ಲಿಯ ತನಕ ಕಾಯುವುದು ಯಾಕೆ ಅಂತ ಒಬ್ಬ ಹುಡುಗ ನೋಟ್ ಬುಕ್ ತೆಗೆದ. ಹೆಸರು, ವರ್ಷ, ಕೆಲಸ ಅಂತ ಮೂರು ಗೆರೆ ಎಳೆದ. ಅಕ್ಕನ ಹೆಸರು ಬರೆದ, 14 ಅಂತ ಬರೆದ. ಕೆಲಸ ಅಂತ ಇರುವಲ್ಲಿ 'ಕ್ಯಾಂಟೀನ್' ಅಂತ ಬರೆಯಲು ಹೋದ.

ಅಕ್ಕ ಬಗ್ಗಿ ನೋಡಿ ಹೇಳಿದರು, "ಹಾಗಲ್ಲ ಮಗಾ. ಶಟ್‌ಡೌನ್ ಟೈಮಲ್ಲಿ ದಿನಕ್ಕೆ ನಾನೂರು ಊಟ, ಮೂರು ಶಿಫ್ಟಿಗೂ. ಹಾಗೆ ಬರೆ."